ಆ ಕುರ್ಚಿಯಲ್ಲಿ ಕೂತವರು ಯಾರು?

ಅಲ್ಲ ಮೇಷ್ಟ್ರೇ, ನಿಮ್ಮ ಮೊಮ್ಮಗ ರಾತ್ರಿಯೆಲ್ಲ ನೋಡ್ತಾ ಕೂತಿರ್ತಾನಲ್ಲ, ‘ಸ್ಟಾರ್ ಟ್ರೆಕ್: ಡಿಸ್ಕವರಿ’, ಅದರ ಮೇಲೆ ನನಗೊಂದು ಹಳೇ ತಕರಾರಿದೆ. ಎಷ್ಟು ಇಷ್ಟಪಟ್ಟು ನೋಡಿದ್ದೆನೋ ಅಷ್ಟೇ ಹೊಟ್ಟೆಯುರಿ.

2017ರಿಂದ 2024ರವರೆಗೆ ಐದು ಸೀಸನ್ನು, 65 ಎಪಿಸೋಡು ಬಂತು. ಕಥೆ ನಡೆಯೋ ಬಾಹ್ಯಾಕಾಶ ಹಡಗಿನ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸೋ ಕೋಣೆಯಲ್ಲಿ, ಚುಕ್ಕಾಣಿ ಹಿಡಿಯೋಳು ಡೆಟ್ಮರ್, ಪಕ್ಕದಲ್ಲಿ ಓವೊಸೆಕುನ್, ಹಿಂದೆ ರೀಸ್, ಬ್ರೈಸ್. ಮುಖಗಳೆಲ್ಲ ಪರಿಚಯ. ಆದರೆ ಅವರ ಮನೆ ಮಠ, ಆಸೆ, ಸಿಟ್ಟು ಏನು ಅಂತ ಕೇಳಿ ನೋಡಿ, ಉತ್ತರ ಬರಲ್ಲ.

ಅದರಲ್ಲೂ ಏರಿಯಮ್ ಕಥೆ. ಮುಖವೆಲ್ಲ ಲೋಹದ ಹಾಗಿರೋ ಅಧಿಕಾರಿ. ಅವಳು ಯಾರು, ಹಾಗೇಕಿದ್ದಾಳೆ ಅಂತ ನೆಟ್ಟಗೆ ಗೊತ್ತಾಗೋದು ಎರಡನೇ ಸೀಸನ್ನಿನ ಒಂಬತ್ತನೇ ಎಪಿಸೋಡಿನಲ್ಲಿ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಕಡಲತೀರಕ್ಕೆ ಹೋಗಿ ಹಿಂತಿರುಗುವಾಗ ಅಪಘಾತ. ಗಂಡ ಹೋದ, ಇವಳ ಅರ್ಧ ದೇಹ ಯಂತ್ರವಾಯ್ತು. ನೆನಪು ತುಂಬಿಡೋಕೆ ಜಾಗ ಸಾಲದು, ಅದಕ್ಕೇ ವಾರಕ್ಕೊಮ್ಮೆ ಕೂತು ಯಾವುದು ಇರಲಿ, ಯಾವುದು ಅಳಿಸಲಿ ಅಂತ ಆರಿಸ್ತಾಳೆ. ಗೆಳತಿಯರ ಜೊತೆಗಿನ ಹರಟೆ ಇರಲಿ, ದಿನನಿತ್ಯದ ಕೆಲಸ ಹೋಗಲಿ. ಎಂಥಾ ಕಲ್ಪನೆ ಅದು! ಇಡೀ ಸೀಸನ್ನಿಗೆ ಆಗೋ ಸರಕು. ಅದೇ ಎಪಿಸೋಡಿನ ಕೊನೆಗೆ ಅವಳನ್ನ ಸಾಯಿಸಿಬಿಟ್ಟರು. ಎಲ್ಲರೂ ಗೋಳೋ ಅಂತ ಅಳ್ತಾರೆ. ನಾವು ಪರಿಚಯ ಮಾಡಿಕೊಂಡೇ ಮುಕ್ಕಾಲು ಗಂಟೆ ಆಗಿರುತ್ತೆ.

ಓವೊಸೆಕುನ್‌ಗೂ ಹಾಗೇ. ಮೂರನೇ ಸೀಸನ್ನಿನ ಕೊನೆಗೆ ಹಡಗಿನಲ್ಲಿ ಉಸಿರಾಡೋಕೆ ಗಾಳಿಯಿಲ್ಲ. ಆಗ ಹೇಳ್ತಾಳೆ, ಚಿಕ್ಕವಳಿದ್ದಾಗ ಸಮುದ್ರದಲ್ಲಿ ಮುಳುಗು ಹಾಕ್ತಿದ್ದೆ, ಹತ್ತು ನಿಮಿಷ ಉಸಿರು ಹಿಡೀತೀನಿ ಅಂತ. ಅಲ್ರೀ, ಈ ಮಾತು ಮೊದಲನೇ ಸೀಸನ್ನಿನಲ್ಲಿ, ಊಟದ ಮನೆಯಲ್ಲಿ ತಟ್ಟೆ ಹಿಡಕೊಂಡು ನಿಂತಾಗ ಒಂದು ಸಲ ಬಾಯಿಗೆ ಬಂದಿದ್ದರೆ? ಗಾಳಿ ಹೋದ ಕೂಡಲೇ ನಾವೇ ಕೂಗ್ತಿದ್ದೆವು, ಓವೊಸೆಕುನ್ ಇದ್ದಾಳಲ್ಲ ಅಂತ!

ಇದಕ್ಕೆ ಮೂಲ ಒಂದೇ. ಮೈಕಲ್ ಬರ್ನಮ್ ನಾಯಕಿ. ಸೊನೆಕ್ವಾ ಮಾರ್ಟಿನ್-ಗ್ರೀನ್ ಜೀವ ಸುರಿದು ಮಾಡಿದ್ದಾರೆ, ಅವರ ಮೇಲೆ ದೂರಿಲ್ಲ. ಆದರೆ ಪ್ರತಿ ಬೀಗಕ್ಕೂ ಅವಳ ಹತ್ತಿರವೇ ಕೀಲಿ ಅಂದಮೇಲೆ ಉಳಿದವರು ಅಲ್ಲಿ ಕೂತು ಮಾಡೋದೇನು? ಯಾರ ಕುರ್ಚಿಯ ಕಷ್ಟವೋ ಅದನ್ನ ಅವರೇ ಬಿಡಿಸಲಿ. ಮೇಲಾಗಿ ಸೀಸನ್ನಿಗೊಂದು ಸಲ ಜಗತ್ತೇ ಮುಳುಗೋ ಆತಂಕ ಇದ್ದರೆ ಮನುಷ್ಯರು ಹರಟೋದು ಯಾವಾಗ?

ಎಪಿಸೋಡು ಕಡಿಮೆ, ಸಮಯ ಸಾಲದು ಅಂತ ನೀವು ಅನ್ನಬಹುದು. ಅದನ್ನ ನಾನು ಒಪ್ಪಲ್ಲ. 2022ರಲ್ಲಿ ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸರಣಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಶುರುವಾಯ್ತಲ್ಲ, ಅದಕ್ಕೆ ಸೀಸನ್ನಿಗೆ ಬರೀ ಹತ್ತು. ಅಲ್ಲಿ ಕ್ಯಾಪ್ಟನ್ ಪೈಕ್ ತಾನೇ ಅಡುಗೆ ಮಾಡಿ ಎಲ್ಲರನ್ನೂ ಊಟಕ್ಕೆ ಕೂರಿಸ್ತಾನೆ. ಮೊದಲನೇ ಸೀಸನ್ನಿನ ಎರಡನೇ ಎಪಿಸೋಡಿನಲ್ಲೇ ಹುಡುಗಿ ಉಹುರಾ ಆ ಊಟದ ಮೇಜಿನಲ್ಲಿ, ಅಪ್ಪ ಅಮ್ಮ ಅಣ್ಣ ಸತ್ತಿದ್ದು, ಈ ಕೆಲಸ ತನಗೆ ಬೇಕೋ ಬೇಡವೋ ಗೊತ್ತಿಲ್ಲ ಅನ್ನೋದು, ಎಲ್ಲ ಹೇಳಿಕೊಳ್ತಾಳೆ. ಆಮೇಲೆ ಧೂಮಕೇತುವಿನೊಳಗೆ ಸಿಕ್ಕಿಹಾಕಿಕೊಂಡಾಗ ವಿಜ್ಞಾನದ ಅಧಿಕಾರಿ ಸ್ಪಾಕ್ ಪಕ್ಕದಲ್ಲೇ ಇದ್ದರೂ ದಾರಿ ತೆಗೆಯೋದು ಅವಳ ಗುನುಗು.

ಅಲ್ಲೇ ಹೆಮ್ಮರ್ ಅಂತ ಒಬ್ಬ ಕುರುಡ ಎಂಜಿನಿಯರ್. ನಟ ಬ್ರೂಸ್ ಹೊರಾಕ್‌ಗೂ ನಿಜವಾಗಿಯೇ ದೃಷ್ಟಿ ಬಹಳ ಕಡಿಮೆ. ನಾಲ್ಕನೇ ಎಪಿಸೋಡಿನಲ್ಲಿ ಅವನ ಕೈಗೆ ಪೆಟ್ಟು. ಉಹುರಾಳ ಕೈಯಲ್ಲಿ ರಿಪೇರಿ ಮಾಡಿಸ್ತಾನೆ, ಗದರ್ತಾನೆ, ಕಲಿಸ್ತಾನೆ. ಅವನೂ ಒಂಬತ್ತನೇ ಎಪಿಸೋಡಿನಲ್ಲೇ ಸಾಯೋದು, ಮೇಷ್ಟ್ರೇ. ಏರಿಯಮ್‌ಗೆ ಸಿಕ್ಕಿದ್ದಕ್ಕಿಂತ ಒಂದು ಸೀಸನ್ ಕಮ್ಮಿ ಸಿಕ್ಕಿತ್ತು ಅವನಿಗೆ. ಆದರೂ ಉಹುರಾ ಅತ್ತಾಗ ಯಾಕೆ ಅಳ್ತಿದ್ದಾಳೆ ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.