ಮೀಸೆ ಹೊತ್ತ ಪ್ರಾರ್ಥನೆ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಕ್ಕಾದರೂ ಕರೆಂಟು ಹೋದಾಗ ಬಿಡುವುಂಟು. ಆಗಸ್ಟ್ ಕೊನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಕ್ರೈಸ್ತ ಮನೆಗೆ ಅದೂ ಇಲ್ಲ. ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ತಾಲೀಮು, ಚರ್ಚಿನಲ್ಲಿ 29ರಿಂದ ಮರಿಯಮ್ಮನವರ ನವೇನ ಪ್ರಾರ್ಥನೆ. ಮಗ ಛದ್ಮವೇಷದ ಕೆಂಪೇಗೌಡ, ಮಗಳು ಗಾಯನ ವೃಂದದಲ್ಲಿ, ಅಪ್ಪ ಇಬ್ಬರಿಗೂ ಸ್ಕೂಟರ್ ಸಾರಥಿ.

ಅಂಥದೊಂದು ಸಂಜೆ ಗಡಿಬಿಡಿಯಲ್ಲಿ ಕೆಂಪೇಗೌಡರು ಪೇಟ, ಮೀಸೆ ಸಮೇತ ಪ್ರಾರ್ಥನೆಗೆ ದಯಮಾಡಿಸಿ ಮೊದಲ ಬೆಂಚಿನಲ್ಲೇ ಕೂತುಬಿಟ್ಟರು. ಫಾದರ್‌ಗೆ ನಗು ತಡೆಯಲಾಗಲಿಲ್ಲ. ಅಮ್ಮ ಸೆರಗಿನಿಂದ ಮೀಸೆ ಒರೆಸಿದರು. ಕಾಡಿಗೆಯ ಮೀಸೆ ನೋಡಿ, ಗಡ್ಡವಾಯಿತು!

ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಚರ್ಚಿಗೆ ಹೋಗಲೇಬೇಕು. 1974ರಲ್ಲಿ ಬೆಸಿಲಿಕಾ ಪದವಿ ಪಡೆದ ಚರ್ಚು ಅದು. ತೇರು ನೋಡಲು ಸುಮಾರು 40 ಕಿಲೋಮೀಟರ್ ಬಸ್ಸು.

ಮಾರನೇ ದಿನ ಗಣಿತದ ಕಿರುಪರೀಕ್ಷೆ. ವಾಪಸು ಬಸ್ಸಿನಲ್ಲಿ ಮಗ್ಗದೂರಿನ ಮಕ್ಕಳು ತೂಕಡಿಸುತ್ತಲೇ 17ರ ಮಗ್ಗಿ ಹೇಳುತ್ತಿದ್ದರು.