ಹಿತ್ತಾಳೆ ಕಿವಿಗೆ ನೂರು ಡಾಲರಿನ ಪ್ಲೇಟು

ಮೇಲ್ಮನೆಯ ರೆಕಾರ್ಡು ರಸಿಕರ ಸನ್ನಿಧಾನಕ್ಕೆ, ಕೆಳಮನೆಯ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು.

ಮತ್ತೊಂದು ಚೌಕದ ಡಬ್ಬ ಬಂದಿದೆ. ತಾವು ಮನೆಯಲ್ಲಿ ಇರಲಿಲ್ಲವಾಗಿ ಸಹಿ ಹಾಕಿ ಇಸಿದುಕೊಂಡಿದ್ದೇನೆ. ಒಂದು ಮೂಲೆ ಜಜ್ಜಿದೆ. ಕೊರಿಯರ್ ಹುಡುಗನನ್ನು ಬೈಯಬೇಡಿ, ಸಾಗರ ದಾಟಿ ಬಂದ ರಟ್ಟು ಅದು.

ಡಿಜಿಟಲ್ ಧ್ವನಿ ಹೆಣ, ಟೇಪಿನಿಂದ ನೇರವಾಗಿ ಇಳಿದ ಪ್ಲೇಟಿಗೆ ಮಾತ್ರ ಜೀವವಿದೆ ಎಂಬ ತಮ್ಮ ಪ್ರವಚನವನ್ನು ಮೆಟ್ಟಿಲ ಮೇಲೆ ನಿಂತೇ ಕೇಳಿದವನು ನಾನು. ಅದಕ್ಕೇ ಕ್ಯಾಲಿಫೋರ್ನಿಯಾದ ಪುರಾಣವೊಂದನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಅಲ್ಲಿನ ರೆಕಾರ್ಡು ಕಂಪನಿ ಮೊಬೈಲ್ ಫಿಡೆಲಿಟಿ ಎಂದರೆ ತಮಗೆ ಬೀಜಮಂತ್ರವಲ್ಲವೆ? ಅವರ ಕವರಿನ ನೆತ್ತಿಯ ಮೇಲೆ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಎಂಬ ಪಟ್ಟೆನಾಮ. 2022ರಲ್ಲಿ ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ಅನ್ನು 40,000 ಪ್ರತಿ ಒತ್ತುತ್ತೇವೆ, ಒಂದಕ್ಕೆ 100 ಡಾಲರ್ ಎಂದು ಸಾರಿದರು. ಲೆಕ್ಕ ಬಲ್ಲವರು ಹುಬ್ಬೇರಿಸಿದರು. ಅವರ ವಿಧಾನದಲ್ಲಿ ಒಮ್ಮೆ ಕೊರೆದ ಅಚ್ಚಿನಿಂದ ಹೊರಬರುವುದು ಸಾವಿರದಷ್ಟು ಪ್ಲೇಟು. ಹಾಗಾದರೆ ನಲವತ್ತು ವರ್ಷದ ಮೂಲ ಟೇಪನ್ನು ಎಷ್ಟು ಸಲ ಓಡಿಸಬೇಕು? ಓಡಿಸಲು ಬಿಡುವವರಾದರೂ ಯಾರು? ಅದೇ ಜುಲೈಯಲ್ಲಿ ಫೀನಿಕ್ಸ್ ಊರಿನ ರೆಕಾರ್ಡು ಅಂಗಡಿಯವನೊಬ್ಬ ವಿಡಿಯೋದಲ್ಲಿ ಗುಟ್ಟು ಬಿಟ್ಟುಕೊಟ್ಟ. ಕೊನೆಗೆ ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು: ಟೇಪನ್ನು ಮೊದಲು ಡಿಜಿಟಲ್ ಕಡತಕ್ಕೆ ಇಳಿಸಿ, ಆಮೇಲೆ ಪ್ಲೇಟಿಗೆ ಕೊರೆಯುತ್ತಿದ್ದರಂತೆ, ವರ್ಷಗಳಿಂದ! ಮೊಕದ್ದಮೆ ನಡೆದು 2.5 ಕೋಟಿ ಡಾಲರಿನವರೆಗಿನ ರಾಜಿಗೆ ಬಂದು ನಿಂತಿತು.

ಅಷ್ಟು ವರ್ಷ ಅದೇ ಹೆಣದ ಮುಂದೆ ಕಣ್ಣು ಮುಚ್ಚಿ ತಲೆದೂಗಿದವರು ಯಾರು, ಸ್ವಾಮೀ? ಕಳ್ಳತನವನ್ನು ಯಾವ ಕಿವಿಯೂ ಹಿಡಿಯಲಿಲ್ಲ. ಒಂದಿಷ್ಟು ಮಗ್ಗಿ, ಒಂದಿಷ್ಟು ಚಾಡಿ ಸೇರಿ ಹಿಡಿದವು. ಪ್ಲೇಟುಗಳು ಮಾತ್ರ ಚೆನ್ನಾಗಿಯೇ ಹಾಡುತ್ತಿದ್ದವು ಎನ್ನಿ. ಅದೇ ತಮಾಷೆ.

ಮಿಕ್ಕ ಕಷ್ಟಗಳು ತಮಗೆ ಗೊತ್ತಿದ್ದದ್ದೇ. ಸುಂಕ ಹಾಡಿಗಷ್ಟೇ ಬೀಳುವುದಿಲ್ಲ, ಸಾಗಣೆ ಮತ್ತು ವಿಮೆಯ ಖರ್ಚನ್ನೂ ಕೂಡಿಸಿದ ಮೊತ್ತದ ಮೇಲೆ ಬೀಳುತ್ತದೆ. ಬಿಸಿಲಿಗೆ ನಿಂತ ಲಾರಿಯಲ್ಲಿ ಪ್ಲೇಟು ಹಪ್ಪಳದಂತೆ ಸೊಟ್ಟಗಾದರೆ 180 ಗ್ರಾಂ ತೂಕ ಯಾವ ಮೂಲೆಗೆ? ನಡುವಿನ ತೂತು ಕೂದಲೆಳೆಯಷ್ಟು ಸರಿದಿದ್ದರೂ ಪಿಯಾನೊ ಅಳುತ್ತದೆ. ವಾಪಸು ಕಳಿಸೋಣವೆಂದರೆ ಮತ್ತೆ ಅಷ್ಟೇ ಸಾಗಣೆ. ‘ಹೊಸದರಂತಿದೆ’ ಎಂದು ಬರೆದು ಮಾರಿದವನೋ ಏಳು ಸಮುದ್ರದಾಚೆ ಮೊಬೈಲ್ ಆಫ್ ಮಾಡಿ ಮಲಗಿರುತ್ತಾನೆ.

ಇನ್ನೊಂದು ವಿನೋದ ಕೇಳಿ. ನಮ್ಮ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ಬೀಟಲ್ಸ್ ಪ್ಲೇಟುಗಳನ್ನು ಪರದೇಶದ ಸಂಗ್ರಾಹಕರು ಹುಡುಕಿ ಹುಡುಕಿ ತರಿಸಿಕೊಳ್ಳುತ್ತಾರಂತೆ. ಅಲ್ಲಿಯ ಕೆಳಮನೆಯವನಿಗೂ ಸಹಿ ಹಾಕುವ ಕೆಲಸ ತಪ್ಪಿದ್ದಲ್ಲ.

ಭಾನುವಾರ ಮೇಲೆ ಬರುತ್ತೇನೆ. ತಾವು ಗೋಡೆಯ ಕಡೆ ಮುಖ ಮಾಡಿ ಕೂರಿ; ಒಮ್ಮೆ ಟೇಪಿನಿಂದ ಇಳಿದದ್ದು, ಒಮ್ಮೆ ಕಡತದಿಂದ ಇಳಿದದ್ದು, ಎರಡನ್ನೂ ಕವರು ತೋರಿಸದೆ ಹಾಕುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳಿದಿರೋ, ಮುಂದಿನ ಡಬ್ಬದ ಸುಂಕ ನನ್ನದು. ತಪ್ಪಿದರೆ, ರಾತ್ರಿ ಹತ್ತರ ಮೇಲೆ ಹೆಡ್‌ಫೋನು.

ಇಂತಿ,
ತಮ್ಮ ಕೆಳಮನೆಯವನು