ಹೋದ ಸಲದ ಆಟ

ಆಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅದಕ್ಕೆ ರೆಫರಿ ಇಲ್ಲ, ಸೀಟಿ ಇಲ್ಲ, ಹೊತ್ತಿನ ಮಿತಿಯಂತೂ ಇಲ್ಲವೇ ಇಲ್ಲ. ಅಬ್ಬಿಗೇರಿಯಲ್ಲಿ ಅದನ್ನಾಡಲು ಚಹಾದಂಗಡಿಯ ಮುಂದಿನ ಬೆಂಚು ಸಾಕು. ಒಂದು ಪ್ಲೇಟು ಮಿರ್ಚಿ ಭಜಿ ಬಂದರೆ ಹೆಚ್ಚುವರಿ ಸಮಯವೂ ಸಿಗುತ್ತದೆ. ಸೋತವರು ಯಾಕೆ ಸೋತರು, ಮುಂದಿನ ಸಲ ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನ ಆಡುವವರ ತನಕ ಮುಟ್ಟುವುದಿಲ್ಲ ಎನ್ನುವುದೊಂದೇ ಕೊರತೆ.

ಫುಟ್‌ಬಾಲ್ ನಮ್ಮ ಕಡೆಯ ಆಟವೇನೂ ಅಲ್ಲ. ಕುಸ್ತಿ, ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳ ನಡುವೆ ಅದಕ್ಕೆ ಜಾಗ ಸಿಕ್ಕಿಲ್ಲ. ಮಣ್ಣೂ ಒಪ್ಪುವುದಿಲ್ಲ. ರೋಣ ಸೀಮೆಯ ಎರಿ ಹೊಲ ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಿರಿಯುತ್ತದೆ. ಮಳೆ ಬಿತ್ತೋ, ಚಪ್ಪಲಿಗೆ ಮೆತ್ತಿಕೊಂಡು ಹತ್ತು ಹೆಜ್ಜೆಯೊಳಗೆ ಮನುಷ್ಯನನ್ನು ಎರಡು ಬೆರಳು ಎತ್ತರ ಮಾಡುತ್ತದೆ. ಅಲ್ಲಿ ಜೋರಾಗಿ ಒದ್ದರೆ ಚೆಂಡು ಇದ್ದಲ್ಲೇ ಇದ್ದು ಚಪ್ಪಲಿ ಗೋಲಿಗೆ ಹೋದೀತು.

ಆದರೆ ನೋಡುವುದಕ್ಕೆ ಮಣ್ಣಿನ ಅಡ್ಡಿ ಇಲ್ಲವಲ್ಲ. 2022ರ ನವೆಂಬರ್ 22ರ ಮಧ್ಯಾಹ್ನ ಮೂರೂವರೆಗೆ ಕತಾರಿನ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ಆಟ. ಹಿಂದಿನ 36 ಪಂದ್ಯಗಳಲ್ಲಿ ಸೋಲು ಕಾಣದ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಆಗಿ, ಕೊನೆಗೆ ಆ ತಂಡ 2-1ರಿಂದ ಸೋತುಹೋಯಿತು. ಕಡಲೆ ಹೊಲದಿಂದ ಆಗಷ್ಟೇ ಬಂದಿದ್ದ ನಮ್ಮ ಕಾಕಾ ಭಜಿ ಮುರಿಯುತ್ತ ಅಂದರು: “ಛಲೋ ಆತು ಬಿಡು ತಮ್ಮಾ. ಈಗ ಸೋತಾರ. ಇನ್ನ ಕಪ್ ಅವರದ.” ಡಿಸೆಂಬರ್ 18ರಂದು ಕಪ್ ಅವರದೇ ಆಯಿತು. ಅವತ್ತಿನಿಂದ ಫುಟ್‌ಬಾಲ್ ವಿಷಯದಲ್ಲಿ ಕಾಕಾ ನಮ್ಮ ಬೆಂಚಿನ ಕೊನೆಯ ಮಾತು. ಆಫ್‌ಸೈಡ್ ಅಂದರೆ ಏನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯ ನಮಗೂ ಇಲ್ಲ.

ಕಾಕಾ ಹರೆಯದಲ್ಲಿ ಗರಡಿಮನೆಯಲ್ಲಿ ಬೆಳೆದವರು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಎದುರಾಳಿಯ ಮೈಕಟ್ಟು ನೋಡುವುದಕ್ಕಿಂತ ಮೊದಲು ಅವನು ಹೋದ ಜಾತ್ರೆಯಲ್ಲಿ ಯಾವ ಪಟ್ಟಿನಿಂದ ಕೆಡವಿದ ಎಂದು ವಿಚಾರಿಸುತ್ತಾರೆ. ಢಾಕ ಹೊಡೆದನೋ, ಘಿಸ್ಸಾ ಎಳೆದನೋ, ಏಕಲಂಗಿ ಹಾಕಿದನೋ? ಅದರ ಮೇಲೆ ಇಲ್ಲಿ ಮುರಿಯುವ ಪಟ್ಟಿನ ತಾಲೀಮು ನಡೆಯುತ್ತದೆ. ಇಷ್ಟಾದರೆ ಕುಸ್ತಿ ಸುಲಭವಾಗಬೇಕಿತ್ತು. ಕಾಕಾ ಹೇಳುವ ತೊಡಕು ಬೇರೆ: “ಅವ ಹ್ವಾದ ಸಲ ಢಾಕ ಹೊಡದಾನ ಅಂತ ನಮಗ ಗೊತ್ತೈತಿ. ನಮಗ ಗೊತ್ತೈತಿ ಅಂತ ಅವನ ಉಸ್ತಾದಗೂ ಗೊತ್ತೈತಿ. ಈಗ ಹೇಳು, ಅವ ಢಾಕ ಹೊಡೀತಾನೋ ಇಲ್ಲೋ?”

ಈ ಪ್ರಶ್ನೆಗೆ ಯುರೋಪಿನ ದೊಡ್ಡ ದೊಡ್ಡ ಕೋಚುಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತರೂ ಉತ್ತರ ಸಿಕ್ಕಿಲ್ಲ. ಅದೇ ಕತಾರಿನ ಫೈನಲ್ ನೋಡಿ. ಅರ್ಜೆಂಟೀನಾದ ಹಿಂದಿನ ಆಟಗಳನ್ನೆಲ್ಲ ಅರೆದು ಕುಡಿದು ಫ್ರಾನ್ಸ್ ಬಂದಿದ್ದರೆ, ಕೋಚ್ ಸ್ಕಾಲೋನಿ ನಾಕೌಟ್ ಹಂತದಲ್ಲಿ ಒಮ್ಮೆಯೂ ಮೊದಲಿನಿಂದ ಆಡಿಸಿರದ ಡಿ ಮರಿಯಾನನ್ನು ಎಡಗಡೆ ತಂದು ನಿಲ್ಲಿಸಿದ. ಮೊದಲ ಪೆನಾಲ್ಟಿ ಗಿಟ್ಟಿಸಿದವನು ಅವನು, ಎರಡನೆಯ ಗೋಲು ಹೊಡೆದವನೂ ಅವನೇ. ಫ್ರಾನ್ಸಿನವರು ಓದಿಕೊಂಡು ಬಂದ ಪಾಠದಲ್ಲಿ ಆ ಪುಟವೇ ಇರಲಿಲ್ಲ.

ಹಿಂದಿನ ಆಟದಿಂದ ಮುಂದಿನ ಆಟ ಕಟ್ಟಿದವರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ಪಶ್ಚಿಮ ಜರ್ಮನಿಯ ಕೋಚ್ ಸೆಪ್ ಹೆರ್ಬರ್ಗರ್. ಆಟ ಮುಗಿದ ಮೇಲಿನ ಹೊತ್ತೇ ಮುಂದಿನ ಆಟದ ಮುಂಚಿನ ಹೊತ್ತು ಎಂಬ ಮಾತನ್ನು ಅವನ ಹೆಸರಿನಲ್ಲೇ ಹೇಳುತ್ತಾರೆ. 1954ರ ವಿಶ್ವಕಪ್ಪಿನಲ್ಲಿ ಅವನ ತಂಡ ಜೂನ್ 20ರಂದು ಬಾಸೆಲ್‌ನಲ್ಲಿ ಹಂಗೇರಿಯ ಎದುರು 8-3ರಿಂದ ಸೋತಿತು. ಆಗಿನ ಹಂಗೇರಿ ಅಂದರೆ ನಾಲ್ಕು ವರ್ಷ ಸೋಲನ್ನೇ ನೋಡದ ತಂಡ. ಹೆರ್ಬರ್ಗರ್ ಅವತ್ತು ತನ್ನ ಮುಖ್ಯ ಆಟಗಾರರಲ್ಲಿ ಹಲವರನ್ನು ಹೊರಗೆ ಕೂರಿಸಿದ್ದ. ನೋಡಲು ಬಂದಿದ್ದ ಜರ್ಮನರು ಕೂಗಾಡಿದರು. ಅವನ ಲೆಕ್ಕ ಬೇರೆ ಇತ್ತು. ಈ ಆಟ ಸೋತರೆ ಮತ್ತೆ ಟರ್ಕಿಯ ಜೊತೆ ಆಡಬೇಕು, ಟರ್ಕಿಯನ್ನು ಆಗಲೇ 4-1ರಿಂದ ಸೋಲಿಸಿಯಾಗಿದೆ. ಎರಡನೆಯ ಸಲ 7-2ರಿಂದ ಸೋಲಿಸಿ ಮುಂದಕ್ಕೆ ಹೋದ.

ಜುಲೈ 4ರಂದು ಬರ್ನ್‌ನಲ್ಲಿ ಫೈನಲ್. ಎದುರಿಗೆ ಮತ್ತದೇ ಹಂಗೇರಿ. ಎಂಟು ಗೋಲು ಹೊಡೆದವರಿಗೆ ಹೋದ ಸಲದ ಆಟ ತಲೆಯಲ್ಲಿತ್ತೋ ಏನೋ, ಎಂಟೇ ನಿಮಿಷದಲ್ಲಿ ಎರಡು ಗೋಲು ಬಿದ್ದವು. ಆದರೆ ಅವರು ಹೋದ ಸಲ ಸೋಲಿಸಿದ ಹನ್ನೊಂದು ಜನರಲ್ಲಿ ಹಲವರು ಈ ಸಲ ಇರಲಿಲ್ಲ. ಅವರ ನಾಯಕ ಪುಷ್ಕಾಷ್ ಆ 8-3ರ ಆಟದಲ್ಲೇ ಕಾಲಿಗೆ ಪೆಟ್ಟು ತಿಂದು, ಪೂರ್ತಿ ವಾಸಿಯಾಗದೆಯೇ ಫೈನಲ್‌ಗೆ ಇಳಿದಿದ್ದ. ಮೇಲಿಂದ ಮಳೆ ಬೇರೆ. ಜರ್ಮನರ ಬೂಟುಗಳನ್ನು ಒದಗಿಸುತ್ತಿದ್ದವನು ಆದಿ ಡಾಸ್ಲರ್, ಅಡಿಡಾಸ್ ಕಂಪನಿಯ ಒಡೆಯ. ನೆಲ ಒದ್ದೆಯಾದರೆ ಅಡಿಯ ಮೊಳೆಗಳನ್ನು ತಿರುಗಿಸಿ ತೆಗೆದು ಉದ್ದನೆಯವನ್ನು ಕೂರಿಸಬಹುದಾದ ಬೂಟುಗಳವು. ಒದ್ದೆ ನೆಲದಲ್ಲಿ ಕಾಲು ನಿಲ್ಲುವುದೆಂದರೆ ಏನು ಎಂಬುದನ್ನು ಎರಿ ಮಣ್ಣಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 84ನೆಯ ನಿಮಿಷದಲ್ಲಿ ಹೆಲ್ಮುಟ್ ರಾನ್ ಹೊಡೆದ ಗೋಲಿನಿಂದ ಜರ್ಮನಿ 3-2ರಿಂದ ಗೆದ್ದಿತು.

ಹೆರ್ಬರ್ಗರ್ ಬೇಕೆಂದೇ ಸುಳ್ಳು ಆಟ ತೋರಿಸಿದನೋ, ಅಥವಾ ಆಟಗಾರರಿಗೆ ಬಿಡುವು ಕೊಟ್ಟನೋ ಎಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಕಾಕಾಗೆ ಅನುಮಾನವೇ ಇಲ್ಲ: “ಸಣ್ಣ ಕುಸ್ತಿ ಬಿಟ್ಟುಕೊಟ್ಟ, ದೊಡ್ಡದು ಹೊಡಕೊಂಡ.”

ಬೂಟಿನ ಮಾತು ಬಂದಮೇಲೆ ನಮ್ಮವರ ಬರಿಗಾಲಿನ ಮಾತೂ ಬರಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸನ್ನು ಎದುರಿಸಿ 2-1ರಿಂದ ಸೋತರು. ಎರಡು ಪೆನಾಲ್ಟಿ ಕೈತಪ್ಪಿದ್ದವು, ಇಲ್ಲವಾದರೆ ಕತೆಯೇ ಬೇರೆ. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇಷ್ಟು ಚೆನ್ನಾಗಿ ಸೋತದ್ದೇ ತೊಂದರೆಯಾಯಿತೆಂದು ನನ್ನ ಅಂದಾಜು. ಚೆಂದದ ಸೋಲಿನಿಂದ ಯಾರೂ ಏನೂ ಕಲಿಯುವುದಿಲ್ಲ, ಬೆನ್ನು ತಟ್ಟಿಸಿಕೊಂಡು ಮನೆಗೆ ಬರುತ್ತಾರೆ. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನವನ್ನೇ ಗೆದ್ದೆವು, ಬರಿಗಾಲಿನ ಮೇಲೆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಬಾರಿಸಿತು. ಆ ಒಂದು ಗೋಲೂ ಬೆಂಗಳೂರಿನವರದೇ, ಅಹ್ಮದ್ ಖಾನ್ ಅವರದು. ಆಮೇಲೆ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್‌ನಲ್ಲಿ ಬೂಟು ಹಾಕಿದ ಭಾರತ ಸೆಮಿಫೈನಲ್‌ಗೆ ಹೋದಾಗ ಎದುರಿಗೆ ನಿಂತದ್ದು ಮತ್ತೆ ಯುಗೊಸ್ಲಾವಿಯಾವೇ. ಈ ಸಲ ಮೊದಲ ಗೋಲು ನಮ್ಮದು. ಕೊನೆಗೆ 4-1ರಿಂದ ಸೋತೆವು ಎನ್ನುವುದು ನಿಜ, ಆದರೆ ಹತ್ತರಿಂದ ನಾಲ್ಕಕ್ಕೆ ಇಳಿಸಿದ್ದೂ ಒಂದು ಗೆಲುವೇ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಆ ಸಲ ಪಡೆದ ನಾಲ್ಕನೆಯ ಸ್ಥಾನಕ್ಕಿಂತ ಮೇಲಿನದು ಇವತ್ತಿನವರೆಗೂ ಬಂದಿಲ್ಲ.

ಹತ್ತಿರದ ಲೆಕ್ಕ ಬೇಕೆಂದರೆ ಬೆಂಗಳೂರು ಎಫ್‌ಸಿ ಇದೆ. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲೇ ಐಎಸ್‌ಎಲ್ ಫೈನಲ್. ಸುನಿಲ್ ಛೆಟ್ರಿ ಒಂಬತ್ತನೆಯ ನಿಮಿಷದಲ್ಲೇ ಗೋಲು ಹೊಡೆದು ಊರನ್ನು ಕುಣಿಸಿದರು. ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟ, ಎರಡೂ ಗೋಲು. ಬೆಂಗಳೂರು 3-2ರಿಂದ ಸೋತಿತು. ಕೋಚ್ ಆಲ್ಬರ್ಟ್ ರೋಕಾ ಹೋದರು, ಅವರ ಸಹಾಯಕರಾಗಿ ಆ ಸೋಲನ್ನು ಪಕ್ಕದಲ್ಲೇ ನಿಂತು ನೋಡಿದ್ದ ಕಾರ್ಲೆಸ್ ಕ್ವಾದ್ರಾತ್ ಆ ಜಾಗಕ್ಕೆ ಬಂದರು. ಮರುವರ್ಷ ಮುಂಬೈಯಲ್ಲಿ ಗೋವಾ ಎದುರು ಫೈನಲ್, ತಾರೀಖು ಮತ್ತೆ ಮಾರ್ಚ್ 17. ಹೆಚ್ಚುವರಿ ಸಮಯದ ಕೊನೆಗೆ, 117ನೆಯ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. 1-0. ತಾರೀಖು ಕೂಡಿ ಬಂದದ್ದು ಆಕಸ್ಮಿಕ. ಕಾರ್ನರ್‌ ಮಾತ್ರ ಪೂರ್ತಿ ಆಕಸ್ಮಿಕವೆಂದು ನಾನು ಒಪ್ಪಲಾರೆ. ಯಾವ ಮೂಲೆಯಿಂದ ಹೊಡೆತ ತಿಂದೆವೋ ಆ ಮೂಲೆಯ ಬೆಲೆ ತಿಂದವನಿಗೆ ಗೊತ್ತಿರುತ್ತದೆ.

ಇನ್ನು ಕಾಕಾ ಪದೇ ಪದೇ ಹೇಳಿಸಿಕೊಂಡು ಕೇಳುವ ಕತೆ ಯೆನ್ಸ್ ಲೇಮನ್‌ನ ಚೀಟಿಯದು. 2006ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಜರ್ಮನಿ ಮತ್ತು ಅರ್ಜೆಂಟೀನಾ, ಪೆನಾಲ್ಟಿಗೆ ಬಂತು. ಯಾವ ಆಟಗಾರ ಹಿಂದೆ ಯಾವ ಕಡೆ ಹೊಡೆದಿದ್ದಾನೆ ಎಂದು ಹೋಟೆಲಿನ ಕಾಗದದಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಗೋಲ್‌ಕೀಪರ್ ಲೇಮನ್ ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದ. ಪ್ರತಿ ಹೊಡೆತಕ್ಕೂ ತೆಗೆದು ಓದುವನು, ಮತ್ತೆ ಸಿಕ್ಕಿಸುವನು. ಕೊನೆಗೆ ಬಂದವನು ಕಾಂಬಿಯಾಸೊ. ಅವನ ಹೆಸರು ಚೀಟಿಯಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಚೀಟಿ ತೆಗೆದು, ಇದೆ ಎಂಬಂತೆ ದಿಟ್ಟಿಸಿ ಓದಿ, ತಲೆಯಾಡಿಸಿ ಒಳಗಿಟ್ಟ. ಕಾಂಬಿಯಾಸೊ ಒದ್ದ, ಲೇಮನ್ ತಡೆದ, ಜರ್ಮನಿ ಗೆದ್ದಿತು. ಆ ಚೀಟಿ ಈಗ ಬಾನ್ ನಗರದ ಇತಿಹಾಸ ಸಂಗ್ರಹಾಲಯದಲ್ಲಿದೆ. “ಚೀಟಿ ಹೊಡದು ಪಾಸಾದವನ ಚೀಟಿಗೆ ಮ್ಯೂಸಿಯಮ್ಮಿನ್ಯಾಗ ಜಾಗಾ ಕೊಟ್ಟಾರ! ನಮ್ಮ ಸಾಲ್ಯಾಗ ಹೊರಗ ಹಾಕಿದ್ರು” ಎಂದು ಕಾಕಾ ತಮ್ಮ ಕಾಲದ ಪರೀಕ್ಷೆಯ ನೆನಪಿಗೆ ಇಳಿದರೆ ಅವತ್ತಿನ ಚರ್ಚೆ ಅಲ್ಲಿಗೆ ಮುಗಿದ ಹಾಗೆ.

ನನಗೆ ಕಾಂಬಿಯಾಸೊನ ಹೆಸರಿಲ್ಲದ ಆ ಚೀಟಿಯೇ ದೊಡ್ಡ ಪಾಠವಾಗಿ ಕಾಣುತ್ತದೆ. ಹೋದ ಸಲದ ಆಟ ಗೊತ್ತಿರುವುದಕ್ಕಿಂತ, ಅದು ಇವನಿಗೆ ಗೊತ್ತಿದೆ ಎಂದು ಎದುರಿನವನು ನಂಬುವುದೇ ಅರ್ಧ ಕೆಲಸ ಮಾಡಿಬಿಡುತ್ತದೆ. ಗೆದ್ದವನಿಗೆ ಇದು ಹೊಳೆಯುವುದು ಕಷ್ಟ. ಅವನು ಹೋದ ಸಲದ ಫೋಟೋಕ್ಕೆ ಕಟ್ಟು ಹಾಕಿಸುವುದರಲ್ಲಿರುತ್ತಾನೆ. ಎಲ್ಲರೂ ಒಂದೇ ಆಟ ನೋಡಿ, ಎಲ್ಲರೂ ಒಂದೇ ಪಾಠ ಕಲಿತರಂತೂ ಆ ಪಾಠ ಯಾರಿಗೂ ಉಪಯೋಗವಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಕಲಿಸಿದ್ದು ಉಳ್ಳಾಗಡ್ಡಿ. ಹೋದ ವರ್ಷ ರೇಟು ಏರಿತ್ತು ಎಂದು ಈ ವರ್ಷ ಊರಿಗೂರೇ ಉಳ್ಳಾಗಡ್ಡಿ ಹಾಕುತ್ತದೆ, ಎಲ್ಲರ ಚೀಲಗಳೂ ಒಟ್ಟಿಗೆ ಪೇಟೆಗೆ ಬಂದು ರೇಟು ನೆಲ ಹಿಡಿಯುತ್ತದೆ. ಅದಕ್ಕೆ ಬೇಸತ್ತು ಮರುವರ್ಷ ಯಾರೂ ಹಾಕುವುದಿಲ್ಲ, ಆಗ ರೇಟು ಮತ್ತೆ ಏರುತ್ತದೆ. ಈ ಆಟದಲ್ಲಿ ಹೆರ್ಬರ್ಗರ್ ಆಗಲು ಕಾಕಾ ಒಮ್ಮೆ ಹೊರಟರು. ಮುಂಗಾರಿಗೆ ಮೊದಲು ಬೆಂಚಿನ ಮೇಲೆ ಕೂತ ಒಬ್ಬೊಬ್ಬರನ್ನೂ, ಏನು ಹಾಕ್ತೀರಿ ಎಂದು ಮೆಲ್ಲಗೆ ವಿಚಾರಿಸಿದರು. ಎಲ್ಲರೂ ಉಳ್ಳಾಗಡ್ಡಿ ಅಂದರು. ಕಾಕಾ ಒಳಗೊಳಗೇ ನಕ್ಕು ಹೆಸರು ಬಿತ್ತಿದರು. ಬೆಳೆ ಎದ್ದ ಮೇಲೆ ನೋಡಿದರೆ ಸುತ್ತಲಿನ ಹೊಲಗಳಲ್ಲೆಲ್ಲ ಹೆಸರೇ! ಬೆಂಚಿನ ಮೇಲಿದ್ದವರೂ ಕಾಕಾನ ಹೋದ ಸಲದ ಆಟ ನೋಡಿದವರೇ ಅಲ್ಲವೇ? ಆ ವರ್ಷ ನಮ್ಮ ಮನೆಗೆ ಉಳ್ಳಾಗಡ್ಡಿಯನ್ನು ಗದಗಿನ ಸಂತೆಯಿಂದ ಕೊಂಡು ತಂದೆವು.

ಈ ಮುಂಗಾರಿಗೆ ನೀವು ಏನು ಬೇಕಾದರೂ ಬಿತ್ತಿ. ಯಾರಾದರೂ ಕೇಳಿದರೆ ಮಾತ್ರ, ದಯಮಾಡಿ, ಬೇರೆ ಬೆಳೆಯ ಹೆಸರು ಹೇಳಿ.